ವಾಚನಾಲಯದ ಹಲ್ಲಿಗಳು ಕೇಳಿದ ಹಾಡು

ನಮ್ಮೂರಿನಲ್ಲಿ ಸತ್ತವರನ್ನು ಹೊಗಳಬೇಕಾದರೆ ಬಯಲಿಗೆ ಹೋಗಬೇಕು. ಶ್ರದ್ಧಾಂಜಲಿ ಸಭೆ ಯಾವತ್ತೂ ಹೈಸ್ಕೂಲು ಮೈದಾನದಲ್ಲಿ, ನೆತ್ತಿ ಸುಡುವ ಬಿಸಿಲಿನಲ್ಲಿ. ಚಾವಣಿ ಇರುವ ಕಡೆ ಮಾಡಿದರೆ ಹಲ್ಲಿ ಇರುತ್ತದೆ. ‘ದಿವಂಗತರು ಕೊಡುಗೈ ದಾನಿಗಳಾಗಿದ್ದರು’ ಎಂದು ಯಾರೋ ಅನ್ನುತ್ತಾರೆ, ಎಲ್ಲರೂ ಮೇಲೆ ನೋಡುತ್ತಾರೆ, ಹಲ್ಲಿ ಬಾಯಿ ಬಿಡುವುದಿಲ್ಲ, ಆಮೇಲೆ ಮನೆಯವರ ಮುಖ ನೋಡುವುದು ಕಷ್ಟವಾಗುತ್ತದೆ. ಬೇರೆ ಊರುಗಳಲ್ಲೂ ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ‘ನೋಡು, ನಿಜ’ ಎಂದು ಬೆರಳಿನಿಂದ ನೆಲ ಕುಟ್ಟುತ್ತಾರಂತೆ. ಅಲ್ಲಿ ಅದು ನಂಬಿಕೆ, ನಮ್ಮಲ್ಲಿ ಕಾಯಿದೆ. ನಿಜ ಹೇಳಿದರೆ ನುಡಿಯುತ್ತದೆ, ಸುಳ್ಳಿಗೆ ಸುಮ್ಮನಿರುತ್ತದೆ. ‘ಇವತ್ತು ಮಂಗಳವಾರ’ ಎಂಬಂಥ ಸಣ್ಣಪುಟ್ಟ ನಿಜಕ್ಕೆಲ್ಲ ಬಾಯಿ ಹಾಳು ಮಾಡಿಕೊಳ್ಳುವುದಿಲ್ಲ. ಹೇಳುವವರ ಮಾನವೋ ಮನಸ್ಸೋ ಸ್ವಲ್ಪ ಪಣಕ್ಕಿರಬೇಕು. ರೇಡಿಯೋ, ಟಿ.ವಿ., ಮೊಬೈಲುಗಳ ಮಾತನ್ನಂತೂ ಅವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಾಗಾಗಿ ನಾವು ಬದುಕನ್ನು ಚಾವಣಿ ನೋಡಿಕೊಂಡು ಜೋಡಿಸಿಕೊಂಡಿದ್ದೇವೆ. ಚುನಾವಣೆಯ ಭಾಷಣ ಬಯಲಿನಲ್ಲಿ. ಹೆಣ್ಣು ನೋಡುವ ಶಾಸ್ತ್ರ ಹಲ್ಲಿ ಹೆಚ್ಚಿರುವ ಹಜಾರದಲ್ಲಿ. ಉಪ್ಪಿಟ್ಟು ತಿಂದ ನೆಂಟರು ‘ತುಂಬಾ ಚೆನ್ನಾಗಿದೆ’ ಅನ್ನುವ ಮೊದಲು ಅಡಿಗೆಮನೆಯ ಮೂಲೆಗಳನ್ನೊಮ್ಮೆ ಕಣ್ಣಲ್ಲೇ ಗುಡಿಸುತ್ತಾರೆ. ಹೆಂಡತಿಗೆ ನಾಲ್ಕು ಸಿಹಿಮಾತು ಹೇಳಬೇಕು ಅನಿಸಿದ ಗಂಡಂದಿರು ಅವಳನ್ನು ಕೆರೆ ಏರಿಯ ಮೇಲೆ ಕರೆದುಕೊಂಡು ಹೋಗುತ್ತಾರೆ. ಸಂಜೆ ಏರಿಯ ಮೇಲೆ ಕಾಲಿಡುವುದಕ್ಕೂ ಜಾಗವಿರುವುದಿಲ್ಲ.

ನನ್ನ ಗಂಡ ತ್ರಯಂಬಕ ನನ್ನನ್ನು ಒಂದು ಸಲವೂ ಏರಿಗೆ ಕರೆದುಕೊಂಡು ಹೋಗಲಿಲ್ಲ. ಅವರು ಸರ್ವೆ ಇಲಾಖೆಯಲ್ಲಿ ಭೂಮಾಪಕರು. ಅಳೆಯದೆ ಒಂದು ಮಾತು ಆಡುವವರಲ್ಲ. ಮದುವೆಯ ದಿನ ಎಲ್ಲರೂ ಹೋದ ಮೇಲೆ ನನ್ನ ಕಡೆ ತಿರುಗಿ, “ಫೋಟೋದಲ್ಲಿ ಇಷ್ಟು ಎತ್ತರ ಕಾಣಿಸಿರ್ಲಿಲ್ಲ” ಅಂದರು. ಹಲ್ಲಿ ತಕ್ಷಣ ಲೊಚಗುಟ್ಟಿತು. ನಾನು ಗಂಟೆಗಟ್ಟಲೆ ಬೆವರಿಳಿಸಿ ಬಿಸಿಬೇಳೆಬಾತ್ ಮಾಡಿದರೆ, ತಿಂದು, ಯೋಚಿಸಿ, “ಉಪ್ಪು ಸರಿಯಾಗಿದೆ” ಅನ್ನುತ್ತಾರೆ. ಹಲ್ಲಿ ಹೂಂಗುಟ್ಟುತ್ತದೆ. ಒಮ್ಮೊಮ್ಮೆ ನನಗೆ ಆ ಹಲ್ಲಿಯನ್ನೂ ಅವರನ್ನೂ ಒಂದೇ ಪೊರಕೆಯಲ್ಲಿ ಆಚೆಗೆ ಹಾಕೋಣ ಅನಿಸುತ್ತಿತ್ತು.

ನಾನು ಮಂದಾಕಿನಿ. ಬಸ್ ನಿಲ್ದಾಣದ ಎದುರು ಬ್ಯೂಟಿ ಪಾರ್ಲರ್ ಇಟ್ಟಿದ್ದೇನೆ. ಹಲ್ಲಿಯ ಕೆಳಗೆ ಬ್ಯೂಟಿ ಪಾರ್ಲರ್ ನಡೆಯುವುದಿಲ್ಲ ಎಂಬುದು ಯಾರಿಗಾದರೂ ತಿಳಿಯುವ ಮಾತು. ಆದ್ದರಿಂದ ಪ್ಲೈವುಡ್ಡಿನ ಚಾವಣಿ ಹೊಡೆಸಿ, ಸಂದುಗೊಂದುಗಳಿಗೆಲ್ಲ ಮೇಣ ಮೆತ್ತಿ, ಇರುವೆ ಕೂಡ ನುಸುಳದ ಹಾಗೆ ಮಾಡಿಸಿದ್ದೇನೆ. ಅಲ್ಲಿ ಕುಳಿತವರಿಗೆ ‘ಹತ್ತು ವರ್ಷ ಚಿಕ್ಕೋರಾಗಿ ಕಾಣ್ತೀರ’ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ, ಅವರು ಧೈರ್ಯವಾಗಿ ನಂಬುತ್ತಾರೆ. ಅದೇ ಕೋಣೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಗುಣಪಾಲರ ಹಾಡು ಹಾಕಿರುತ್ತೇನೆ. ಮನೆಯಲ್ಲಿ ಇಯರ್‌ಫೋನಿನಲ್ಲಿ ಕೇಳುತ್ತೇನೆ.

ಗುಣಪಾಲರು ತಾವೇ ಬರೆದು, ತಾವೇ ರಾಗ ಹಾಕಿ, ಗಿಟಾರು ಹಿಡಿದು ತಾವೇ ಹಾಡುವವರು. ದೊಡ್ಡ ಹೆಸರೇನಲ್ಲ. ಆದರೆ ಅವರ ‘ಎರಡು ಲೋಟ’ ಎಂಬ ಹಾಡು ಕೇಳಿದ ದಿನದಿಂದ ನಾನು ಅವರವಳು, ಅಂದರೆ ಅವರ ಹಾಡಿನವಳು. ದೂರಾದ ಹೆಂಗಸಿಗಾಗಿ ಒಬ್ಬ ಗಂಡಸು ದಿನಾ ಬೆಳಿಗ್ಗೆ ಕಾಫಿ ಬೆರೆಸಿಟ್ಟುಕೊಂಡು ಕಾಯುವ ಹಾಡು ಅದು.

‘ಎರಡು ಲೋಟ ತೊಳೆದು ಇಟ್ಟೆ, ಒಂದರಲ್ಲಿ ಕುಡಿದೆ, ಇನ್ನೊಂದರ ಬಿಸಿಯು ಆರದಂತೆ ಕೈಯಲ್ಲಿ ಹಿಡಿದೆ, ದೂರವೇನಿಲ್ಲ, ಒಂದೇ ಕೋಣೆ, ಬರಬಾರದೆ ಇತ್ತ?’

ಒಂದೇ ಕೋಣೆ ಅಂದರೆ ಹೃದಯ ಅಂತ ನಾನು ಅರ್ಥ ಮಾಡಿಕೊಂಡಿದ್ದೆ. ಲೋಕದಲ್ಲಿ ಹೀಗೆ ಕಾಯುವ ಗಂಡಸು ಒಬ್ಬನಾದರೂ ಇದ್ದಾನಲ್ಲ ಎಂಬುದೇ ನನಗೊಂದು ಸಮಾಧಾನ. ಉಪ್ಪು ಸರಿಯಾಗಿದೆ ಅನ್ನಿಸಿಕೊಂಡ ದಿನ ಆ ಹಾಡನ್ನು ಮತ್ತೆ ಮತ್ತೆ ಕೇಳಿ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ.

ಇದಕ್ಕೆಲ್ಲ ಕಲ್ಲು ಹಾಕಿದವರು ವಾಚನಾಲಯದ ಅಧ್ಯಕ್ಷರಾದ ಮಾರ್ಕಂಡೇಯ ಮೇಷ್ಟ್ರು. ಅವರಿಗೆ ಯಾರ ಸಂತೋಷ ಕಂಡರೂ ತಪ್ಪು ತಿದ್ದಬೇಕು ಅನಿಸುತ್ತದೆ. ಒಂದು ದಿನ ಪಾರ್ಲರಿನ ಬಾಗಿಲಲ್ಲಿ ನಿಂತು, “ಹಲ್ಲಿ ಇಲ್ಲದ ಕಡೆ ಕೇಳೋ ಹಾಡು, ಕನ್ನಡಿ ಇಲ್ಲದ ಕಡೆ ಸುತ್ತೋ ಪೇಟ. ಎರಡೂ ನೆಟ್ಟಗಿದೆ ಅಂತ್ಲೇ ಅನ್ಸತ್ತೆ ಕಣಮ್ಮ” ಅಂದರು.

“ಅವರ ಹಾಡು ಅಪ್ಪಟ ನಿಜ, ಮೇಷ್ಟ್ರೇ.”

“ಹಾಗಿದ್ರೆ ವಾಚನಾಲಯದ ಮಾಳಿಗೆಗೆ ಕರೆಸಿ ಹಾಡ್ಸು. ಅಲ್ಲಿರೋವಷ್ಟು ಹಲ್ಲಿ ಊರಲ್ಲೆಲ್ಲೂ ಇಲ್ಲ. ಗೊತ್ತಾಗತ್ತೆ.”

ತಲೆಗೆ ಕ್ರೀಮು ಹಚ್ಚಿಸಿಕೊಂಡು ಕುಳಿತಿದ್ದ ಹೆಂಗಸರೆಲ್ಲ ಕನ್ನಡಿಯೊಳಗಿಂದ ನನ್ನನ್ನೇ ನೋಡುತ್ತಿದ್ದರು. ನನಗೂ ರೋಷ ಬಂತು. “ಕರೆಸ್ತೀನಿ. ಹಲ್ಲಿ ನುಡೀದಿದ್ರೆ ಅವರ ಹಾಡನ್ನ ಇನ್ಮೇಲೆ ನಾನು ಕಿವಿ ಮೇಲೇ ಹಾಕ್ಕೊಳ್ಳಲ್ಲ” ಅಂದುಬಿಟ್ಟೆ. ಆಡಿದ ಮೇಲೆ ಯೋಚಿಸಿದೆ. ಆ ಹಾಡು ಸುಳ್ಳಾದರೆ ಹಾಗೆ ಕಾಯುವ ಗಂಡಸು ಎಲ್ಲೂ ಇಲ್ಲ ಎಂದಾಗುತ್ತಿತ್ತು. ಆಮೇಲೆ ನಾನು ಯಾವ ಧೈರ್ಯದ ಮೇಲೆ ಬಿಸಿಬೇಳೆಬಾತ್ ಮಾಡಲಿ?

ಫೋನು ಮಾಡಿದರೆ ಗುಣಪಾಲರು ಒಂದೇ ಮಾತಿಗೆ ಒಪ್ಪಿಕೊಂಡರು. ಈಚೆಗೆ ಅವರನ್ನು ಯಾರೂ ಕರೆಯುತ್ತಿಲ್ಲವೋ ಏನೋ ಎಂಬ ಅನುಮಾನ ನನಗೆ ಆಗಲೇ ಬಂತು. ಕೊನೆಯ ಗಳಿಗೆಯಲ್ಲಿ ಧೈರ್ಯ ಸಾಲದೆ, ಹೈಸ್ಕೂಲು ಮೈದಾನದಲ್ಲಿ ಹಾಡಿಸೋಣವೇ ಎಂದು ಮೇಷ್ಟ್ರನ್ನು ಕೇಳಿದೆ. “ಮೈದಾನದಲ್ಲಾದ್ರೆ ಜನ ಹಾರ ತರ್ತಾರೆ, ಯಾರು ಹೋಗಿದ್ದು ಅಂತ ಕೇಳ್ತಾರೆ” ಅಂದರು. ಸರಿ, ಹಲ್ಲಿಗಳನ್ನೇ ಓಡಿಸೋಣವೆಂದು ಶನಿವಾರ ಮಾಳಿಗೆಗೆ ಹೋಗಿ ಜಂತಿಗಳಿಗೆಲ್ಲ ನವಿಲುಗರಿ ಸಿಕ್ಕಿಸಿ, ಟ್ಯೂಬ್‌ಲೈಟಿನ ಪಕ್ಕ ಮೊಟ್ಟೆ ಚಿಪ್ಪು ನೇತುಹಾಕಿ ಬಂದೆ. ಹಲ್ಲಿಗೆ ಇವೆರಡನ್ನು ಕಂಡರೆ ಆಗುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಭಾನುವಾರ ಹೋಗಿ ನೋಡಿದರೆ ಒಂದು ಮರಿಹಲ್ಲಿ ಮೊಟ್ಟೆ ಚಿಪ್ಪಿನೊಳಗೆ ತೊಟ್ಟಿಲಲ್ಲಿ ಮಲಗಿದ ಹಾಗೆ ಮಲಗಿತ್ತು. ನಮ್ಮಜ್ಜಿ ಆ ಮಾತನ್ನು ಬಯಲಿನಲ್ಲಿ ಹೇಳಿದ್ದಿರಬೇಕು.

ಮಾಳಿಗೆ ಚಿಕ್ಕದು. ಬೆಂಚುಗಳ ಮೇಲೆ ಒತ್ತಿಕೊಂಡು ಕುಳಿತರೆ ನಮ್ಮ ಬೀದಿಯ ಜನ ಹಿಡಿಸುತ್ತಾರೆ. ಆ ಮಧ್ಯಾಹ್ನ ಎರಡು ಬೀದಿಯ ಜನ ಬಂದಿದ್ದರು. ಹಾಡಿಗಿಂತ ಹೆಚ್ಚಾಗಿ ನನ್ನ ಪಾಡು ನೋಡುವುದಕ್ಕೆ ಬಂದವರು. ನನ್ನ ಗಂಡ ಹಿಂದೆ ಸ್ವಿಚ್ ಬೋರ್ಡಿನ ಹತ್ತಿರ ಗೋಡೆಗೆ ಒರಗಿ ನಿಂತಿದ್ದರು. ಮೇಷ್ಟ್ರು ಮುಂದಿನ ಬೆಂಚಿನಲ್ಲಿ, ಚಾವಣಿ ಚೆನ್ನಾಗಿ ಕಾಣಲೆಂದು ಕತ್ತಿನ ಹಿಂದೆ ದಿಂಬು ಇಟ್ಟುಕೊಂಡೇ ಕುಳಿತಿದ್ದರು.

ಇಲ್ಲಿ ನಮ್ಮೂರಿನ ಚಪ್ಪಾಳೆಯ ವಿಷಯ ಹೇಳಬೇಕು. ಹಲ್ಲಿ ನುಡಿಯದೆ ನಾವು ಚಪ್ಪಾಳೆ ಹೊಡೆಯುವುದಿಲ್ಲ. ಹಿಂದೊಮ್ಮೆ ಕೊಳಲಿನವರೊಬ್ಬರು ಬಂದಿದ್ದರು. ಕೊಳಲಿಗೆ ಮಾತಿಲ್ಲ, ಹಲ್ಲಿಗೆ ಕೆಲಸವಿಲ್ಲ, ನಾವು ಕೈಕಟ್ಟಿ ಕುಳಿತೇ ಇದ್ದೆವು. ಕೊನೆಗೆ ಅವರು ಬೇಸತ್ತು, “ಇಲ್ಲಿಗೆ ಮುಗಿಸ್ತೀನಿ, ನಂಗೂ ಸಾಕಾಗಿದೆ” ಅಂದಾಗ ಹಲ್ಲಿ ಲೊಚಗುಟ್ಟಿತು. ನಾವು ಮಾಳಿಗೆ ಅದುರುವಂತೆ ಚಪ್ಪಾಳೆ ಹೊಡೆದೆವು. ಅವರು ಊಟವನ್ನೂ ಮಾಡದೆ ಹೋದರು.

ಗುಣಪಾಲರು ಬಂದರು. ಫೋಟೋದಲ್ಲಿದ್ದ ಕಪ್ಪು ಕೂದಲು ಇತ್ತು, ಆದರೆ ಬಣ್ಣ ಹಾಕಿದ್ದು ಅಂತ ನನ್ನ ಕಸುಬಿನ ಕಣ್ಣಿಗೆ ಮೆಟ್ಟಿಲಲ್ಲೇ ಗೊತ್ತಾಯಿತು. ಹೊಟ್ಟೆ ಗಿಟಾರಿಗಿಂತ ಸ್ವಲ್ಪ ಮುಂದಿತ್ತು. ಹಾಗಿದ್ದರೂ ಅವರು ಸ್ಟೂಲಿನ ಮೇಲೆ ಕುಳಿತು ತಂತಿ ಮೀಟಿದಾಗ ನನ್ನ ಎದೆ ಹದಿನಾರರ ಹುಡುಗಿಯ ಎದೆಯ ಹಾಗೆ ಹೊಡೆದುಕೊಂಡಿತು. ಆ ದನಿ ನನ್ನ ಕಿವಿಯೊಳಗೇ ವರ್ಷಗಟ್ಟಲೆ ಬಾಡಿಗೆಗಿದ್ದ ದನಿ. ಅದಕ್ಕೊಂದು ಮುಖ, ಒಂದು ಕೆಮ್ಮು, ಒಂದು ಜೊತೆ ಚಪ್ಪಲಿ ಇರುವುದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು.

ಮೊದಲ ಹಾಡು ಅಮ್ಮನ ಕೈತುತ್ತಿನ ಮೇಲೆ. ಹಾಡಿ ಮುಗಿಸಿ ಅವರು ಕಣ್ಣು ತೆರೆದಾಗ ಇಡೀ ಸಭೆ ಕತ್ತೆತ್ತಿ ಚಾವಣಿ ನೋಡುತ್ತಿತ್ತು. ಒಂದು ಹಲ್ಲಿಯೂ ಮಿಸುಕಲಿಲ್ಲ. ಹಿಂದಿನ ಸಾಲಿನ ಹೆಂಗಸೊಬ್ಬಳು, “ಪಾಪ, ಅವರಮ್ಮನಿಗೆ ಅಡಿಗೆ ಬರ್ತಿರ್ಲಿಲ್ವೇನೋ” ಎಂದು ಲೊಚಗುಟ್ಟಿದಳು. ಅದನ್ನೇ ಹಲ್ಲಿಯೆಂದು ತಿಳಿದು ಇಬ್ಬರು ಚಪ್ಪಾಳೆ ಹೊಡೆದು ನಾಚಿಕೊಂಡು ನಿಲ್ಲಿಸಿದರು. ಗುಣಪಾಲರೂ ಒಮ್ಮೆ ಮೇಲೆ ನೋಡಿ, ಗಾರೆ ಬೀಳಬಹುದೆಂದು ಹೆದರಿ, ಸ್ಟೂಲನ್ನು ಪಕ್ಕಕ್ಕೆ ಎಳೆದುಕೊಂಡರು. ಎರಡನೆಯದು, ಮೂರನೆಯದು, ಎಲ್ಲಕ್ಕೂ ಅದೇ ಗತಿ. ಮೇಷ್ಟ್ರ ಮುಖ ಒಂದೊಂದು ಹಾಡಿಗೂ ಅರಳುತ್ತಾ ಹೋಯಿತು.

ಗುಣಪಾಲರು ನೀರು ಕುಡಿದು ಸೋತ ದನಿಯಲ್ಲಿ, “ಕ್ಷಮಿಸಿ. ಇವತ್ತು ನನ್ನ ಗಂಟಲು ಸರಿಯಿಲ್ಲ” ಅಂದರು.

ಲೊಚ್ ಲೊಚ್ ಲೊಚ್ ಎಂದು ತೊಲೆಯ ಮೇಲಿಂದ ಬಂತು. ಸಭೆಗೆ ಸಭೆಯೇ ಚಪ್ಪಾಳೆ ಹೊಡೆಯಿತು. ಅವರು ದಿಗ್ಭ್ರಮೆಯಿಂದ ನಮ್ಮನ್ನು ನೋಡಿದರು.

“ಇಂಥ ಸಭೆ ನಾನು ಜನ್ಮದಲ್ಲಿ ಕಂಡಿಲ್ಲ.”

ಮತ್ತೆ ಲೊಚ್ ಲೊಚ್. ಮತ್ತೆ ಚಪ್ಪಾಳೆ. ಯಾರೋ ಸಿಳ್ಳೆ ಕೂಡ ಹಾಕಿದರು.

“ನಿಜ ಹೇಳ್ಬೇಕೂಂದ್ರೆ ನಂಗೆ ಎದ್ದು ಓಡಿಹೋಗೋಣ ಅನ್ಸ್ತಿದೆ!”

ಈ ಸಲ ಮೂರು ಹಲ್ಲಿ ಒಟ್ಟಿಗೆ ನುಡಿದವು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಗುಣಪಾಲರು ದಡ್ಡರಲ್ಲ. ಚಪ್ಪಾಳೆ ನಿಂತ ಮೇಲೆ ನಿಧಾನವಾಗಿ ಕತ್ತೆತ್ತಿ ಚಾವಣಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಅವರಿಗೆ ಅರ್ಥವಾಯಿತು ಎಂದು ಅವರ ಕಿವಿ ಕೆಂಪಾದದ್ದರಲ್ಲೇ ನನಗೆ ತಿಳಿಯಿತು. ಆದರೂ ಅವರು ಎದ್ದು ಹೋಗಲಿಲ್ಲ. ಗಿಟಾರನ್ನು ಸರಿಮಾಡಿಕೊಂಡು ‘ಎರಡು ಲೋಟ’ ಶುರು ಮಾಡಿದರು.

ನಾನು ಮಾತ್ರ ಮೇಲೆ ನೋಡಲಿಲ್ಲ. ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಅವರ ಬಾಯನ್ನೇ ನೋಡುತ್ತಿದ್ದೆ. ಕೆಟ್ಟ ಗಂಟಲಿನಲ್ಲೂ ಅವರು ಅದನ್ನು ಎಷ್ಟು ಚೆನ್ನಾಗಿ ಹಾಡಿದರೆಂದರೆ, ಮುಗಿದ ಮೇಲೆ ಮೇಷ್ಟ್ರು ಕೂಡ ಮೂಗೊರಸಿಕೊಂಡರು. ಆದರೆ ಮಾಳಿಗೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹಲ್ಲಿಗಳು ಬಾಯಿಗೆ ಬೀಗ ಹಾಕಿಕೊಂಡಿದ್ದವು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೇಳಿಯೇಬಿಟ್ಟೆ. “ಅದು ಯಾರಿಗೋಸ್ಕರ ಬರ್ದಿದ್ದು, ಸಾರ್?”

ಅವರು ಅಭ್ಯಾಸಬಲದಿಂದ, “ಒಬ್ಬ ಹೆಣ್ಣುಮಗಳು...” ಎಂದು ಶುರುಮಾಡಿ, ಮೇಲೆ ನೋಡಿ, ನಿಲ್ಲಿಸಿದರು. ಆಮೇಲೆ ಗಿಟಾರನ್ನು ಕೆಳಗಿಟ್ಟು ಹೇಳಿದರು. “ಯಾರಿಗೂ ಅಲ್ಲಮ್ಮ. ಒಂದು ಲಾಡ್ಜಲ್ಲಿದ್ದೆ. ಒಬ್ಬನೇ ಇದ್ರೂ ತಪ್ಪಿ ಎರಡು ಲೋಟ ಕಾಫಿ ತಂದಿಟ್ಟು ಹೋದ್ರು. ನಂಗೆ ಆಸಿಡಿಟಿ, ನಾನು ಕಾಫಿ ಮುಟ್ಟಲ್ಲ. ಸುಮ್ನೆ ನೋಡ್ತಾ ನೋಡ್ತಾ ಬರ್ದೆ. ಕಾಯೋದು ನನ್ನ ಜಾಯಮಾನವೇ ಅಲ್ಲ. ನಂಗೋಸ್ಕರ ಕಾದೋರು ಇದ್ರು. ಬಿಟ್ಟು ಬಂದೋನು ನಾನೇ.”

ಒಂದೊಂದು ವಾಕ್ಯಕ್ಕೂ ಹಲ್ಲಿ ಲೊಚಗುಟ್ಟಿತು, ಒಂದೊಂದಕ್ಕೂ ಚಪ್ಪಾಳೆ ಬಿತ್ತು. ಮೇಷ್ಟ್ರು ದಿಂಬು ತೆಗೆದು ನನ್ನ ಕಡೆ ತಿರುಗಿ ಹಲ್ಲು ಕಿರಿದರು. ನನಗೆ ಅವರ ಮೇಲೆ ಸಿಟ್ಟು ಕೂಡ ಬರಲಿಲ್ಲ. ಮನೆಯಲ್ಲಿ ಯಾರೋ ತೀರಿಕೊಂಡ ಹಾಗಾಗಿತ್ತು. ಕಾಯುವ ಗಂಡಸು ಎಲ್ಲೂ ಇರಲಿಲ್ಲ. ಲಾಡ್ಜಿನವರ ತಪ್ಪಿನಿಂದ ಹುಟ್ಟಿದ ಕಾಫಿಯನ್ನು ನಂಬಿಕೊಂಡು ನಾನು ಸಂಸಾರ ಮಾಡಿದ್ದೆ.

ಆಗ ಗುಣಪಾಲರು ಒಂದು ಮಾತು ಹೇಳಿದರು. ಹಾಡು ಕಟ್ಟುವವರಿಗಷ್ಟೇ ಹೊಳೆಯುವ ಮಾತು ಅದು. “ಇಷ್ಟು ವರ್ಷ ಈ ಹಾಡು ನಂದು ಅಂದ್ಕೊಂಡು ಹಾಡ್ತಾ ಬಂದೆ. ನಂದಲ್ಲ ಅಂತ ಇವತ್ತು ಗೊತ್ತಾಯ್ತು. ಹಾಗಾದ್ರೆ ಯಾರ್ದು? ನಂಗೂ ತಿಳ್ಕೋಬೇಕು. ಯಾರಾದ್ರೂ ಹಾಡಿ ನೋಡಿ. ಯಾರ ಬಾಯಲ್ಲಿ ನಿಜ ಆಗತ್ತೋ ಅವರ್ದು.”

ಎಲ್ಲರೂ ನನ್ನ ಕಡೆ ನೋಡಿದರು. ನನ್ನದೇ ಇರಬೇಕು ಎಂದು ನನಗೂ ಅನಿಸಿತು. ಈ ಹಾಡಿನ ಜೊತೆ ನನ್ನಷ್ಟು ಅತ್ತವರು ಯಾರಿದ್ದಾರೆ? ಮುಂದೆ ಹೋಗಿ, ಕಣ್ಣು ಮುಚ್ಚಿ, ಇದ್ದಬದ್ದ ಪ್ರಾಣವನ್ನೆಲ್ಲ ಸುರಿದು ಹಾಡಿದೆ. ಕಣ್ಣು ತೆರೆದರೆ ಮೌನ. ಚಿಪ್ಪಿನೊಳಗಿದ್ದ ಮರಿಹಲ್ಲಿ ಹೊರಬಂದು ಒಂದು ನೊಣ ಹಿಡಿದು ಮತ್ತೆ ಒಳಗೆ ಹೋಯಿತು. ನನ್ನ ಮುಖಕ್ಕೆ ಮಂಗಳಾರತಿ ಎತ್ತಿದ ಹಾಗಾಯಿತು.

“ತಾಳು, ನೋಡೋಣ” ಎಂದು ಮೇಷ್ಟ್ರು ಎದ್ದು, ಕೆಮ್ಮಿ, ಶ್ಲೋಕ ಹೇಳುವ ಧಾಟಿಯಲ್ಲಿ ಹಾಡಿದರು. ಹಲ್ಲಿಗಳು ಸುಮ್ಮನಿದ್ದವು. ಅವರ ಹೆಂಡತಿ ಮೂಲೆಯಿಂದ, “ನೀವು ಲೋಟ ತೊಳೆದಿದ್ದು ಯಾವಾಗ?” ಅಂದದ್ದಕ್ಕೆ ಮಾತ್ರ ಗೊಳ್ಳೆಂದು ನಗು ಬಂತು.

ಆ ನಗು ಪೂರ್ತಿ ಇಳಿಯುವ ಮೊದಲೇ ಹಿಂದಿನಿಂದ ಒಂದು ದನಿ ಶುರುವಾಯಿತು. ರಾಗವಿಲ್ಲ, ತಾಳವಿಲ್ಲ. ಸರ್ವೆ ನಂಬರು, ಚಕ್ಕುಬಂದಿ ಓದುವ ಹಾಗೆ, ಒಂದೊಂದೇ ಪದವನ್ನು ನೆಟ್ಟು ನೆಟ್ಟು.

“ಎರಡು ಲೋಟ ತೊಳೆದು ಇಟ್ಟೆ, ಒಂದರಲ್ಲಿ ಕುಡಿದೆ...”

ಸ್ವಿಚ್ ಬೋರ್ಡಿನ ಹತ್ತಿರ ನನ್ನ ಗಂಡ. ಕೈಗಳೆರಡನ್ನೂ ಪ್ಯಾಂಟಿನ ಪಕ್ಕಕ್ಕೆ ಅಂಟಿಸಿಕೊಂಡು, ಎದುರು ಗೋಡೆಯ ಕ್ಯಾಲೆಂಡರು ನೋಡುತ್ತಾ ಹಾಡುತ್ತಿದ್ದರು. ಮೊದಲ ಸಾಲು ಮುಗಿಯುವಷ್ಟರಲ್ಲಿ ಒಂದು ಹಲ್ಲಿ ನುಡಿಯಿತು. ‘ಆರದಂತೆ ಕೈಯಲ್ಲಿ ಹಿಡಿದೆ’ ಅನ್ನುವಾಗ ಇನ್ನೆರಡು. ‘ದೂರವೇನಿಲ್ಲ, ಒಂದೇ ಕೋಣೆ’ ಅಂದಾಗ ಇಡೀ ಚಾವಣಿ, ಈ ಗೋಡೆಯಿಂದ ಆ ಗೋಡೆಯವರೆಗೆ, ಮಳೆ ಹನಿ ಬಿದ್ದ ಹಾಗೆ ಲೊಚಗುಟ್ಟಿತು. ಕೊನೆಯ ಸಾಲನ್ನು ಅವರು ಹಾಡಲಿಲ್ಲ. “ಅಷ್ಟೇ ಬರೋದು ನಂಗೆ” ಅಂದರು.

ನಮ್ಮ ಮನೆಯಲ್ಲಿ ಬೆಳಿಗ್ಗೆ ಕಾಫಿ ಮಾಡುವುದು ಅವರೇ. ಆ ಹೊತ್ತಿನಲ್ಲಿ ನಾನು ಪಕ್ಕದ ಕೋಣೆಯಲ್ಲಿ ಕಣ್ಣುಮುಚ್ಚಿ, ಕಿವಿಗೆ ಗುಣಪಾಲರನ್ನು ಸಿಕ್ಕಿಸಿಕೊಂಡು ಕುಳಿತಿರುತ್ತೇನೆ.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹಲ್ಲಿ ನುಡಿದೂ ಚಪ್ಪಾಳೆ ಬೀಳದೆ ಹೋದದ್ದು ನಮ್ಮೂರಿನಲ್ಲಿ ಅದೇ ಮೊದಲು. ಮೇಷ್ಟ್ರು ಸದ್ದಿಲ್ಲದೆ ದಿಂಬನ್ನು ಬೆಂಚಿನ ಕೆಳಕ್ಕೆ ತಳ್ಳಿದರು. ಗುಣಪಾಲರು ನನ್ನ ಗಂಡನ ಹತ್ತಿರ ಹೋಗಿ ಎರಡೂ ಕೈ ಹಿಡಿದುಕೊಂಡು, “ಸಾರ್, ಹಾಡು ನಿಮ್ದು. ತಗೊಳ್ಳಿ” ಅಂದರು. ನನ್ನ ಗಂಡ ಸ್ವಲ್ಪ ಯೋಚಿಸಿ, “ಬೇಡ. ನನ್ ಹತ್ರ ಇಟ್ರೆ ಹಾಳಾಗತ್ತೆ. ನೀವೇ ಹಾಡ್ಕೊಂಡಿರಿ” ಅಂದರು. ಲೊಚ್ ಲೊಚ್.

ಮನೆಗೆ ನಡೆದುಕೊಂಡು ಹೊರಟೆವು. ಇನ್ನೂ ಬಿಸಿಲಿತ್ತು. ನನಗೆ ಮೊದಲು ಬಂದದ್ದು ಸಂತೋಷವಲ್ಲ, ಕೋಪ. “ಇಷ್ಟು ವರ್ಷ ಬಾಯಲ್ಲೇನು ಕಡುಬು ಇಟ್ಕೊಂಡಿದ್ರಾ?” ಅಂದೆ.

“ನೀನು ಕಿವೀಲಿ ಇಟ್ಕೊಂಡಿರ್ತಿದ್ಯಲ್ಲ” ಅಂದರು.

ಹಿಟ್ಟಿನ ಗಿರಣಿ ದಾಟಿದೆವು, ಅಂಚೆ ಪೆಟ್ಟಿಗೆ ದಾಟಿದೆವು. ನಮ್ಮ ಬೀದಿಯ ತಿರುವಿನಲ್ಲಿ ಯಾರೂ ಇಲ್ಲದ್ದನ್ನು ನೋಡಿ, ನಾನು ಅವರ ಮುಖ ನೋಡದೆ, “ನೀವಂದ್ರೆ ನಂಗೆ ಪ್ರೀತಿ” ಅಂದೆ.

ಅವರು ನಾಲ್ಕು ಹೆಜ್ಜೆ ನಡೆದು, “ಒಳಗೆ ಬಂದು ಹೇಳು” ಅಂದರು.

ಎಂಥ ಮನುಷ್ಯ ನೋಡಿ! ಆದರೂ ಹೇಳಿದವಳು ನಾನು, ಹಿಂದೆಗೆಯುವ ಹಾಗಿರಲಿಲ್ಲ. ಅಡಿಗೆಮನೆಯಲ್ಲಿ ನಿಂತೆ. ದೀಪದ ಪಕ್ಕದ ಗೋಡೆಯ ಮೇಲೆ ನಮ್ಮ ಮನೆಯ ಹಲ್ಲಿ, ದಪ್ಪಗೆ, ನಿಧಾನವಾಗಿ ಉಸಿರಾಡುತ್ತಾ ಕುಳಿತಿತ್ತು. “ನೀವಂದ್ರೆ ನಂಗೆ ಪ್ರೀತಿ” ಎಂದು ಇನ್ನೊಮ್ಮೆ ಹೇಳಿದೆ.

ಇಬ್ಬರೂ ಕಾದೆವು. ಹಲ್ಲಿ ಕತ್ತು ಓರೆ ಮಾಡಿ ನನ್ನನ್ನು ನೋಡಿತು. ಲೊಚ್ ಎನ್ನಲಿಲ್ಲ. ಬಾಲ ಕೂಡ ಆಡಿಸಲಿಲ್ಲ. ಗೋಡೆ ಬಿರಿದು ನನ್ನನ್ನು ನುಂಗಬಾರದೆ ಅನಿಸಿತು.

“ಅದಕ್ಕೆ ಬೆಳಿಗ್ಗೆಯಿಂದ ನೆಗಡಿ” ಅಂದರು ನನ್ನ ಗಂಡ.

ನಾನು ತಿರುಗಿ ಅವರನ್ನು ನೋಡಿದೆ. ಉಪ್ಪಿನ ವಿಷಯದಲ್ಲೂ ಒಂದು ಹರಳು ಹೆಚ್ಚು ಕಡಿಮೆ ಹೇಳದ ಮನುಷ್ಯ, ಹಲ್ಲಿಯ ನೇರ ಕೆಳಗೆ ನಿಂತು, ಕಿವಿಯವರೆಗೆ ಕೆಂಪಾಗಿ, ತನ್ನ ಜನ್ಮದ ಮೊದಲ ಸುಳ್ಳು ಹೇಳಿದ್ದ. ಹಲ್ಲಿ ಅದಕ್ಕೂ ನುಡಿಯಲಿಲ್ಲ. ಅವರು ಗೋಡೆಯನ್ನು ದುರುಗುಟ್ಟಿ ನೋಡಿ, ಇನ್ನೂ ಗಟ್ಟಿಯಾಗಿ, “ನೋಡು ಬೇಕಾದ್ರೆ, ಮೂಗು ಕಟ್ಟಿದೆ” ಅಂದರು.

ನನಗೆ ನಗು ಒತ್ತರಿಸಿಕೊಂಡು ಬಂತು. ನಕ್ಕು ನಕ್ಕು ಅಡಿಗೆಕಟ್ಟೆ ಹಿಡಿದುಕೊಂಡೆ, ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಅದರ ನಡುವೆಯೇ, ಯೋಚಿಸದೆ, ಆ ಮಾತು ಇನ್ನೊಮ್ಮೆ ಬಾಯಿಂದ ಬಿತ್ತು. ಗೋಡೆಯ ಮೇಲಿಂದ ಲೊಚ್ ಲೊಚ್ ಲೊಚ್ ಎಂದದ್ದು ಇಬ್ಬರಿಗೂ ಕೇಳಿಸಿತು. ಮೇಲೆ ಮಾತ್ರ ಇಬ್ಬರೂ ನೋಡಲಿಲ್ಲ.